ಫಿಜಿಗೆ ಹೊರಡುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಫೋನ್ ಮಾಡಿ, ‘ನೀವು ಫಿಜಿ ದೇಶಕ್ಕೆ ಹೋಗಿ ಬಂದಿದ್ದೀರಂತೆ, ಅದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ’ ಅಂದರು. ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಭಾಷಣ ಮಾಡಿದವನಲ್ಲ. ಫೋಟೋ ತೋರಿಸಿ ‘ಇದು ಸಮುದ್ರ, ಇದು ತೆಂಗಿನಮರ’ ಅಂದರೆ ನಿಮಗೂ ಪ್ರಯೋಜನವಿಲ್ಲ. ತೆಂಗಿನಮರ ನಮ್ಮ ಹಿತ್ತಲಲ್ಲೂ ಇದೆ. ಆದ್ದರಿಂದ ಹೋದದ್ದಕ್ಕಿಂತ, ಹೋಗುವುದಕ್ಕೆ ಹೇಗೆ ಸಿದ್ಧನಾದೆ, ಎಲ್ಲಿ ಎಡವಿದೆ, ಎಡವಿದಾಗ ಈ ಶಾಲೆಯ ಯಾವ ಪಾಠ ಕೈಹಿಡಿಯಿತು ಅನ್ನುವುದನ್ನು ಹೇಳುತ್ತೇನೆ. ನಾಳೆ ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೊರಟರೆ ಉಪಯೋಗಕ್ಕೆ ಬರಲಿ. ಹೊರಡದಿದ್ದರೂ ಕೊನೆಯಲ್ಲಿ ಒಂದು ಮಾತು ಈ ಊರಿಗೇ ಸಂಬಂಧಪಟ್ಟದ್ದಿದೆ.

1977ರಲ್ಲಿ ನಾನು ಇಲ್ಲಿ ಎಂಟನೇ ತರಗತಿಗೆ ಸೇರಿದಾಗ ಶಾಲೆಗೆ ಇದ್ದದ್ದು ಒಂದೇ ಒಂದು ಪ್ರಪಂಚದ ನಕ್ಷೆ. ಬಟ್ಟೆಗೆ ಅಂಟಿಸಿದ್ದು, ಮೇಲೆ ಕೆಳಗೆ ಕೋಲು. ಸುತ್ತಿ ಸುತ್ತಿ, ಬಿಚ್ಚಿ ಬಿಚ್ಚಿ ಅದರ ಬಲಗಡೆಯ ಅಂಚು ಹರಿದು ಹೋಗಿತ್ತು. ನಮ್ಮ ಸಮಾಜ ಮೇಷ್ಟ್ರು ಒಂದು ದಿನ ಆ ಹರಿದ ಕಡೆ ಕೋಲಿಟ್ಟು, ‘ಇಲ್ಲೊಂದು ದೇಶ ಇತ್ತು ಕಣ್ರೋ, ನಮ್ಮ ನಕ್ಷೇಲಿ ಅದಿಲ್ಲ. ಹೆಸರು ಫಿಜಿ. ನಮ್ಮ ದೇಶದ ಸಾವಿರಾರು ಜನ ಅಲ್ಲಿ ಕಬ್ಬು ಕಡಿಯೋಕೆ ಹೋದೋರು ವಾಪಸ್ ಬರಲಿಲ್ಲ’ ಅಂದರು. ಗ್ರೀನಿಚ್ ನಡುವೆ ಬರುವಂತೆ ಬರೆದ ನಕ್ಷೆಯಲ್ಲಿ ಫಿಜಿ ಬೀಳುವುದು ತೀರ ಅಂಚಿಗೆ. 180 ಡಿಗ್ರಿ ರೇಖಾಂಶ ಆ ದೇಶದ ತವೆಯುನಿ ಅನ್ನುವ ದ್ವೀಪದ ಮೇಲೆಯೇ ಹಾದುಹೋಗುತ್ತದೆ. ಒಂದೇ ದ್ವೀಪದಲ್ಲಿ ಎರಡು ತಾರೀಖು ಬಂದರೆ ಕಷ್ಟ ಅಂತ ದಿನಾಂಕ ರೇಖೆಯನ್ನೇ ಪೂರ್ವಕ್ಕೆ ಬಾಗಿಸಿದ್ದಾರೆ. ಇದನ್ನು ಹೇಳಿ ಮೇಷ್ಟ್ರು ನಕ್ಕಿದ್ದು ನನಗೆ ಇಂದಿಗೂ ನೆನಪಿದೆ. ಹರಿದ ಅಂಚಿನಲ್ಲಿದ್ದ ಆ ದೇಶ ಅವತ್ತಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಕೆಲಸ ಸಿಕ್ಕಿತು. ಬಹಳ ವರ್ಷ ಮಂಡ್ಯದ ಕಡೆ ಇದ್ದೆ. ಕಬ್ಬಿನ ಸಾಲ ಕೊಡುವುದು, ಕಾರ್ಖಾನೆಯವರು ದುಡ್ಡು ಕೊಟ್ಟಾಗ ವಸೂಲು ಮಾಡುವುದು, ಇದೇ ಕೆಲಸ. ಕಬ್ಬು ಬೆಳೆಯುವವರ ಮುಖ ನೋಡಿದಾಗಲೆಲ್ಲ ಆ ಹರಿದ ನಕ್ಷೆ ನೆನಪಾಗುತ್ತಿತ್ತು. ನಿವೃತ್ತಿಯಾದ ಮೇಲೆ, ಮಗಳ ಮದುವೆಯ ಸಾಲವೂ ತೀರಿದ ಮೇಲೆ, ನಮ್ಮ ಮನೆಯವರಿಗೆ ಹೇಳಿದೆ: ‘ಕಾಶಿಗೆ ಎಲ್ಲರೂ ಹೋಗ್ತಾರೆ, ನಾವು ಫಿಜಿಗೆ ಹೋಗೋಣ.’ ಅವರು, ‘ಕಾಶಿಗೂ ಹೋಗೋಣ, ಮೊದಲು ಅದೆಲ್ಲಿದೆ ಹೇಳಿ’ ಅಂದರು.

ಇಲ್ಲಿ ನನ್ನ ಮೊದಲ ತಪ್ಪು. ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟರ ಹತ್ತಿರ ಹೋದೆ. ಅವರು, ‘ಜನವರಿ ಕೊನೆಗೆ ಒಳ್ಳೆ ರೇಟಿದೆ ಸಾರ್, ಸಂಕ್ರಾಂತಿ ಮುಗಿಸಿಕೊಂಡು ಹೊರಡಿ, ಹವಾ ಚೆನ್ನಾಗಿರುತ್ತೆ’ ಅಂದರು. ನಮ್ಮಲ್ಲಿ ಜನವರಿ ಅಂದರೆ ತಂಪು, ಬಿಸಿಲೂ ಹಿತ, ಮಳೆಯಿಲ್ಲ. ಅಲ್ಲೂ ಹಾಗೇ ಇರಬೇಕು ಅಂದುಕೊಂಡು ಮುಂಗಡ ಕಟ್ಟಿಬಿಟ್ಟೆ. ಊರಿಗೆ ಬಂದು ಮೇಷ್ಟ್ರ ಮನೆಗೆ ಹೋಗಿ ಹೆಮ್ಮೆಯಿಂದ ವಿಷಯ ತಿಳಿಸಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಕೇಳಿದ ಮೊದಲನೇ ಪ್ರಶ್ನೆ: ‘ಜನವರೀಲಿ ಸೂರ್ಯ ಎಲ್ಲಿರ್ತಾನಯ್ಯಾ?’

ಅರವತ್ತು ವರ್ಷದ ನಾನು ಎದ್ದು ನಿಂತುಕೊಂಡು ಉತ್ತರ ಹೇಳಿದೆ: ‘ದಕ್ಷಿಣಾರ್ಧ ಗೋಳದಲ್ಲಿ ಸಾರ್.’ ‘ಫಿಜಿ ಎಲ್ಲಿದೆ?’ ‘ದಕ್ಷಿಣಕ್ಕೆ, ಸುಮಾರು 18 ಡಿಗ್ರಿ.’ ‘ಹಂಗಾದ್ರೆ ಜನವರೀಲಿ ಅಲ್ಲಿ ಯಾವ ಕಾಲ?’

ನನ್ನ ಬಾಯಿಂದ ಮಾತು ಬರಲಿಲ್ಲ. ಮುಂಗಡದಲ್ಲಿ ಅರ್ಧ ವಾಪಸು ಬಂತು, ಅರ್ಧ ಹೋಯಿತು. ಹೋದದ್ದನ್ನು ಮೇಷ್ಟ್ರಿಗೆ ತಡವಾಗಿ ಕಟ್ಟಿದ ಫೀಸು ಅಂತ ನಾನು ಲೆಕ್ಕ ಬರೆದುಕೊಂಡಿದ್ದೇನೆ.

ಮಕ್ಕಳೇ, ಈಗ ಸ್ವಲ್ಪ ಪಾಠ. ಫಿಜಿಯಲ್ಲಿ ನಮ್ಮ ಹಾಗೆ ಚಳಿಗಾಲ, ಬೇಸಿಗೆ, ಮಳೆಗಾಲ ಅಂತ ಮೂರಿಲ್ಲ. ಇರುವುದು ಎರಡೇ ಕಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ಸೆಕೆ ಹೆಚ್ಚು, ಮಳೆ ಹೆಚ್ಚು, ಚಂಡಮಾರುತ ಬಂದರೆ ಆಗಲೇ ಬರುವುದು. 2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಅನ್ನುವ ಚಂಡಮಾರುತ ಬಂದು 44 ಜನ ಸತ್ತರು, ಸಾವಿರಾರು ಮನೆಗಳು ನೆಲಸಮವಾದವು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇನ್ನೊಂದು ಕಾಲ. ಪುಸ್ತಕದಲ್ಲಿ ಶುಷ್ಕ ಋತು ಅಂತಾರೆ, ನಾವು ಒಣಗಾಲ ಅನ್ನೋಣ. ಆಗ ಹಗಲು 26–28 ಡಿಗ್ರಿ, ರಾತ್ರಿ 20ರ ಆಸುಪಾಸು. ಆಗ್ನೇಯ ದಿಕ್ಕಿನಿಂದ ತಂಗಾಳಿ ಬೀಸುತ್ತಿರುತ್ತದೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ ವಾಣಿಜ್ಯ ಮಾರುತ ಅದೇ. ಹೊರಗಿನಿಂದ ಹೋಗುವವರಿಗೆ ಇದು ಸರಿಯಾದ ಕಾಲ.

ಆದರೆ ಒಣಗಾಲ ಅಂದಮಾತ್ರಕ್ಕೆ ದೇಶವೆಲ್ಲ ಒಂದೇ ಸಮ ಒಣಗಿರುವುದಿಲ್ಲ. ಮೇಷ್ಟ್ರು ಎರಡನೆಯ ಪ್ರಶ್ನೆ ಕೇಳಿದರು: ‘ಗಾಳಿ ಯಾವ ಕಡೆಯಿಂದ ಬರುತ್ತೆ, ಬೆಟ್ಟ ಎಲ್ಲಿದೆ, ಅದನ್ನ ನೋಡಿಕೊಂಡೆಯಾ?’ ನೋಡಿದೆ. ಫಿಜಿಯಲ್ಲಿ 300ಕ್ಕೂ ಹೆಚ್ಚು ದ್ವೀಪಗಳಿವೆ, ಜನ ಇರುವುದು ಸುಮಾರು ನೂರರಲ್ಲಿ. ದೊಡ್ಡ ದ್ವೀಪದ ಹೆಸರು ವಿತಿ ಲೆವು. ಅದರ ನಡುವೆ ಬೆಟ್ಟಸಾಲು, ಎತ್ತರದ ಶಿಖರ ತೊಮನಿವಿ, 1,324 ಮೀಟರ್. ಆಗ್ನೇಯದಿಂದ ಬರುವ ಗಾಳಿ ಸಮುದ್ರದ ತೇವವನ್ನೆಲ್ಲ ಹೊತ್ತು ತಂದು ಬೆಟ್ಟಕ್ಕೆ ಡಿಕ್ಕಿ ಹೊಡೆದು ಈಚೆ ಮಗ್ಗುಲಿಗೇ ಸುರಿದುಬಿಡುತ್ತದೆ. ಹಾಗಾಗಿ ಪೂರ್ವದಲ್ಲಿರುವ ರಾಜಧಾನಿ ಸುವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅಲ್ಲಿ ಒಣಗಾಲದಲ್ಲೂ ಕೊಡೆ ಬೇಕು. ಬೆಟ್ಟದ ಆಚೆ, ಪಶ್ಚಿಮಕ್ಕೆ, ವಿಮಾನ ನಿಲ್ದಾಣ ಇರುವ ಕಡೆ ಮಳೆ ಅದಕ್ಕಿಂತ ಬಹಳ ಕಡಿಮೆ. ಜೂನ್ ಜುಲೈನಲ್ಲಿ ಅಲ್ಲಿ ವಾರಗಟ್ಟಲೆ ಬಿಸಿಲು.

ಇದನ್ನು ಕೇಳಿದರೆ ನಿಮಗೆ ಏನು ನೆನಪಾಗಬೇಕು? ನಮ್ಮ ಆಗುಂಬೆ, ನಮ್ಮ ಚಿತ್ರದುರ್ಗ. ಗಾಳಿ ಬರುವ ದಿಕ್ಕು ಬೇರೆ ಅಷ್ಟೆ. ಅಲ್ಲಿ ಆಗ್ನೇಯ, ನಮಗೆ ನೈಋತ್ಯ. ಸಹ್ಯಾದ್ರಿ ದಾಟುವಷ್ಟರಲ್ಲಿ ಮೋಡ ಬರಿದಾಗಿ, ನಮ್ಮ ಪಾಲಿಗೆ ಗಾಳಿ ಮಾತ್ರ ಉಳಿಯುತ್ತದೆ. ಮಳೆ ನೆರಳಿನ ಪ್ರದೇಶ ಅನ್ನುವ ಎರಡು ಅಂಕದ ಪ್ರಶ್ನೆ 11,000 ಕಿಲೋಮೀಟರ್ ದೂರದಲ್ಲಿ ಟಿಕೆಟ್ ಮಾಡಿಸುವಾಗ ನನಗೆ ಉಪಯೋಗಕ್ಕೆ ಬಂತು. ನಮಗಿದ್ದ ಹನ್ನೆರಡು ದಿನದಲ್ಲಿ ಒಂಬತ್ತು ದಿನ ಪಶ್ಚಿಮಕ್ಕೆ, ಮೂರು ದಿನ ಸುವಾಕ್ಕೆ ಅಂತ ಹಂಚಿದೆ.

ಇನ್ನು ಯಾವ ತಿಂಗಳು? ಜುಲೈನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಶಾಲೆಗಳಿಗೆ ರಜೆ. ಅವರಿಗೆ ಫಿಜಿ ಅಂದರೆ ನಮಗೆ ಮೈಸೂರು, ಊಟಿ ಇದ್ದ ಹಾಗೆ. ವಿಮಾನ, ರೂಮು ಎರಡೂ ದುಬಾರಿ. ಸೆಪ್ಟೆಂಬರ್ ಕೊನೆಗೆ ಮತ್ತೊಂದು ರಜೆ. ಮೇ ಕೊನೆಯಲ್ಲಾದರೆ ಮಳೆಗಾಲ ಆಗಷ್ಟೇ ಮುಗಿದು ಗುಡ್ಡವೆಲ್ಲ ಹಸಿರಾಗಿರುತ್ತದೆ, ಜನಜಂಗುಳಿ ಇರುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಅದೇ ಗುಡ್ಡ ನಮ್ಮ ಮಾರ್ಚ್ ತಿಂಗಳ ಗುಡ್ಡದಂತೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕಬ್ಬು ಕಡಿಯುವುದು ನೋಡಬೇಕಾದರೆ ಜೂನ್ ನಂತರ ಹೋಗಬೇಕು. ನಾವು ಮೇ ಕೊನೆಯ ವಾರಕ್ಕೆ ಹೊರಟು ಜೂನ್ ಮೊದಲ ವಾರಕ್ಕೆ ಬರುವ ಹಾಗೆ ಮಾಡಿಕೊಂಡೆವು.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ಸಿಂಗಾಪುರ ಅಥವಾ ಹಾಂಗ್‌ಕಾಂಗ್ ಮೇಲೆ ಹೋಗಬಹುದು, ಸಿಂಗಾಪುರದಿಂದ ಹತ್ತು ಗಂಟೆಯ ಹಾರಾಟ. ನಮ್ಮ ಪಾಸ್‌ಪೋರ್ಟಿನವರು ಪ್ರವಾಸಕ್ಕೆ ಹೋಗುವುದಾದರೆ ಮೊದಲೇ ವೀಸಾ ಮಾಡಿಸಬೇಕಿಲ್ಲ, ಇಳಿದ ಮೇಲೆ ಮುದ್ರೆ ಒತ್ತುತ್ತಾರೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು, ವಾಪಸು ಟಿಕೆಟ್ ಕೈಯಲ್ಲಿರಬೇಕು. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ತಿಂಗಳು ಮತ್ತೊಮ್ಮೆ ವಿಚಾರಿಸಿ. ಆದರೆ ಎಚ್ಚರ, ಸಿಡ್ನಿ ಅಥವಾ ಆಕ್ಲೆಂಡ್ ಮೇಲೆ ಟಿಕೆಟ್ ಅಗ್ಗ ಅಂತ ತೆಗೆದುಕೊಂಡರೆ, ಬರೀ ವಿಮಾನ ಬದಲಿಸುವುದಕ್ಕೂ ಆ ದೇಶಗಳ ವೀಸಾ ಮಾಡಿಸಬೇಕು. ಇದು ಗೊತ್ತಿಲ್ಲದೆ ಬೆಂಗಳೂರಿನ ನಿಲ್ದಾಣದಲ್ಲೇ ನಿಂತುಬಿಟ್ಟವರಿದ್ದಾರೆ. ನಮ್ಮಿಬ್ಬರ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನದ ಟಿಕೆಟ್ಟಿಗೇ ಹೋಯಿತು. ಅಲ್ಲಿ ಬಸ್ಸು, ಊಟ ಅಷ್ಟೇನೂ ದುಬಾರಿಯಲ್ಲ. ಮಲೇರಿಯಾ ಇಲ್ಲ, ಡೆಂಗಿ ಉಂಟು, ಸೊಳ್ಳೆಯಿಂದ ಹುಷಾರಾಗಿರಬೇಕು.

ಚೀಲ ಕಟ್ಟುವಾಗ ನಮ್ಮ ಮನೆಯಲ್ಲಿ ಒಂದು ಸಣ್ಣ ಯುದ್ಧವಾಯಿತು. ಮನೆಯವರು ಮಾವಿನಕಾಯಿ ಉಪ್ಪಿನಕಾಯಿ, ಚಟ್ನಿಪುಡಿ, ಹುರಿಟ್ಟು, ಒಂದು ಪೊಟ್ಟಣ ಅವರೆ ಬೀಜ ಎಲ್ಲ ಜೋಡಿಸಿದ್ದರು. ಅವರೆ ಬೀಜ ಯಾಕೆ ಅಂದರೆ, ‘ಅಲ್ಲಿ ನಮ್ಮ ಜನ ಇದ್ದಾರಲ್ಲ, ಯಾರಿಗಾದರೂ ಬಿತ್ತೋಕೆ ಕೊಡೋಣ’ ಅಂದರು. ಮನಸ್ಸು ದೊಡ್ಡದು, ಆದರೆ ಕಾನೂನು ಒಪ್ಪುವುದಿಲ್ಲ. ಸಣ್ಣ ದ್ವೀಪಕ್ಕೆ ಹೊರಗಿನ ಒಂದು ಹುಳ, ಒಂದು ಬೂಷ್ಟು ಬಂದರೆ ಬೆಳೆಯೆಲ್ಲ ಹಾಳಾದೀತು. ಆದ್ದರಿಂದ ಬೀಜ, ಹಣ್ಣು, ಜೇನುತುಪ್ಪ ಅಂಥದ್ದಕ್ಕೆ ತುಂಬಾ ಬಿಗಿ ತಪಾಸಣೆ. ತಿನ್ನುವ ವಸ್ತು ಏನಿದ್ದರೂ ಫಾರಂನಲ್ಲಿ ಬರೆದು ತೋರಿಸಬೇಕು, ಮುಚ್ಚಿಟ್ಟರೆ ದಂಡ. ಅವರೆ ಬೀಜ ಮನೆಯಲ್ಲೇ ಉಳಿಯಿತು. ನಮ್ಮ ಟೊಮೆಟೊ ಹೊಲಕ್ಕೆ ಹೊರಗಿನಿಂದ ಬಂದ ಹುಳ ಏನು ಮಾಡಿತು ಅಂತ ಕಂಡ ರೈತರಿಗೆ ಈ ನಿಯಮ ಯಾಕೆ ಅಂತ ವಿವರಿಸಬೇಕಿಲ್ಲ.

ಇಳಿದದ್ದು ನಾಂದಿಯಲ್ಲಿ. ಇಂಗ್ಲಿಷಿನ ಅಕ್ಷರದಲ್ಲಿ ನೋಡಿದರೆ ‘ನಾಡಿ’ ಅಂತ ಬರೆದಿರುತ್ತದೆ. ಆದರೆ ಫಿಜಿ ಭಾಷೆಯ ಬರಹದಲ್ಲಿ ಆ ‘ಡ’ ಅಕ್ಷರದ ಹಿಂದೆ ಒಂದು ಅನುಸ್ವಾರ ಅಡಗಿದೆ, ಓದುವಾಗ ಅದನ್ನು ಸೇರಿಸಿ ಓದಬೇಕು. ಪ್ರವಾಸದ ಮೊದಲ ಊರಿನ ಹೆಸರೇ ನಾಂದಿ ಅಂದರೆ ಕನ್ನಡದವನಿಗೆ ಇನ್ನೇನು ಬೇಕು! ಎದುರಾದವರೆಲ್ಲ ‘ಬುಲಾ’ ಅನ್ನುತ್ತಾರೆ. ನಮ್ಮ ನಮಸ್ಕಾರವೂ ಹೌದು, ಚೆನ್ನಾಗಿದ್ದೀರಾ ಅನ್ನುವುದೂ ಹೌದು. ಉಪಕಾರವಾಯಿತು ಅನ್ನುವುದಕ್ಕೆ ‘ವಿನಾಕಾ’. ಈ ಎರಡು ಮಾತು ಕಲಿತು ಹೋದರೆ ಅರ್ಧ ಕೆಲಸ ಆದಂತೆ.

ನಾಂದಿಯ ಪೇಟೆ ಬೀದಿಯ ಕೊನೆಗೆ ಶ್ರೀ ಶಿವ ಸುಬ್ರಹ್ಮಣ್ಯ ದೇವಾಲಯ ಇದೆ. ಬಣ್ಣಬಣ್ಣದ ಗೋಪುರ, ನಮ್ಮ ದಕ್ಷಿಣದ ಶೈಲಿ. ನಮ್ಮ ಮನೆಯವರು ಒಳಗೆ ಕಾಲಿಡುತ್ತಲೇ, ‘ಇದಕ್ಕಾ ಇಷ್ಟು ದೂರ ಬಂದಿದ್ದು?’ ಅಂದರು, ಆದರೆ ಅವರ ಕಣ್ಣು ಒದ್ದೆಯಾಗಿತ್ತು. ಆ ಗುಡಿ ಅಲ್ಲಿ ಏಕಿದೆ ಅನ್ನುವುದನ್ನು ತಿಳಿಯದೆ ಫಿಜಿಗೆ ಹೋಗಬಾರದು. ಹೋಗುವ ಮುನ್ನ ಓದಿಕೊಳ್ಳಬೇಕಾದ ಮುಖ್ಯ ವಿಷಯ ಅದು.

1879ರ ಮೇ 14ರಂದು ಲಿಯೊನಿಡಾಸ್ ಅನ್ನುವ ಹಡಗು ಕಲ್ಕತ್ತೆಯಿಂದ ಫಿಜಿಗೆ ಮೊದಲ ಕೂಲಿಯಾಳುಗಳನ್ನು ತಂದಿತು. ಆಗ ಅದು ಬ್ರಿಟಿಷರ ವಸಾಹತು. ಅಲ್ಲಿಂದ 1916ರವರೆಗೆ 60,000ಕ್ಕೂ ಹೆಚ್ಚು ಜನರನ್ನು ಕಬ್ಬಿನ ತೋಟಗಳಿಗೆ ಸಾಗಿಸಿದರು. 1903ರಿಂದ ಮದರಾಸಿನಿಂದಲೂ ಹಡಗು ಹೊರಟವು, ತಮಿಳು, ತೆಲುಗು, ಮಲಯಾಳಂ ಮಾತಾಡುವ ಜನ ಹೋದದ್ದು ಹಾಗೆ. ಐದು ವರ್ಷದ ಕರಾರು. ಇಂಗ್ಲಿಷಿನ ‘ಅಗ್ರಿಮೆಂಟ್’ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಹೋದವರು ‘ಗಿರ್ಮಿಟಿಯಾ’ ಆದರು. ನಮ್ಮ ಹುಬ್ಬಳ್ಳಿ ಕಡೆಯವರಿಗೆ ಗಿರ್ಮಿಟ್ ಅಂದರೆ ಮಂಡಕ್ಕಿ ತಿಂಡಿ, ಅಲ್ಲಿ ಆ ಪದ ಕೇಳಿದರೆ ಹಿರಿಯರು ಸುಮ್ಮನಾಗುತ್ತಾರೆ. ಆ ಕರಾರು ಪದ್ಧತಿ ಪೂರ್ತಿ ರದ್ದಾದದ್ದು 1920ರ ಜನವರಿ 1ರಂದು. 1884ರ ಮೇ 11ರ ರಾತ್ರಿ ಸಿರಿಯಾ ಅನ್ನುವ ಹಡಗು ನಸಿಲಾಯಿ ಹವಳದ ದಂಡೆಗೆ ಬಡಿದು 59 ಜನ ನೀರುಪಾಲಾದರು. ದಡ ಕಾಣುವಷ್ಟು ಹತ್ತಿರ ಬಂದು ಮುಳುಗಿದವರು ಅವರು.

ಮೇ ತಿಂಗಳು ಒಳ್ಳೆಯ ಹವೆ ಅಂತ ಲೆಕ್ಕ ಹಾಕಿದ್ದ ನನಗೆ, ಅದೇ ಮೇ ತಿಂಗಳಲ್ಲಿ ಆ ಎರಡು ಹಡಗು ಬಂದಿದ್ದವು ಅಂತ ಅಲ್ಲಿಯ ಒಬ್ಬ ಹಿರಿಯರು ನೆನಪಿಸಿದರು. ಅವರ ಅಜ್ಜಿ ಮದರಾಸಿನಲ್ಲಿ ಹಡಗು ಹತ್ತಿದವರಂತೆ. ಊರು ಯಾವುದು ಅಂದೆ. ‘ಗೊತ್ತಿಲ್ಲ, ಅಜ್ಜಿ ಹೇಳಲಿಲ್ಲ, ನಾವೂ ಕೇಳಲಿಲ್ಲ’ ಅಂದರು. ಹಿಂದಿಯಲ್ಲೇ ಮಾತಾಡಿದ್ದು. ಅದು ನಮ್ಮ ದೂರದರ್ಶನದ ಹಿಂದಿಯಲ್ಲ, ಭೋಜಪುರಿ, ಅವಧಿ ಎಲ್ಲ ಬೆರೆತು ಅಲ್ಲೇ ಬೆಳೆದ ಫಿಜಿ ಹಿಂದಿ. ಹೊರಡುವಾಗ ಅವರು ನಮ್ಮ ಮನೆಯವರ ಕೈ ಹಿಡಿದುಕೊಂಡು, ‘ನೀವು ಆ ಕಡೆಯವರೇ ಅಲ್ಲವಾ’ ಅಂದರು. ನಾವು ಹೌದು ಅಂದೆವು. ಆ ಕಡೆ ಅಂದರೆ ಎಷ್ಟು ದೂರ, ಯಾವ ಊರು ಅಂತ ಯಾರೂ ಲೆಕ್ಕ ಕೇಳಲಿಲ್ಲ.

ಆಮೇಲೆ ದೋಣಿಯಲ್ಲಿ ಯಸಾವಾ ದ್ವೀಪಗಳಿಗೆ ಹೋದೆವು. ವಿತಿ ಲೆವುವಿನ ವಾಯವ್ಯಕ್ಕೆ ಸಾಲಾಗಿ ಹರಡಿರುವ ಸಣ್ಣ ದ್ವೀಪಗಳು. ನಾಂದಿ ಹತ್ತಿರದ ಬಂದರಿನಿಂದ ದಿನಕ್ಕೊಂದು ದೊಡ್ಡ ದೋಣಿ ಹೊರಡುತ್ತದೆ. ಅಲ್ಲಿ ರೆಸಾರ್ಟುಗಳಿವೆ. ನಾವು ಮೂರು ರಾತ್ರಿ ಒಂದು ಹಳ್ಳಿಯ ಮನೆಯಲ್ಲಿ ಉಳಿಯುವುದು ಅಂತ ಗೊತ್ತುಮಾಡಿಕೊಂಡಿದ್ದೆವು. ಹಳ್ಳಿಗೆ ಹೋಗುವುದಕ್ಕೆ ಒಂದು ರೀತಿ ಇದೆ. ಮಾರುಕಟ್ಟೆಯಲ್ಲಿ ಯಂಗೋನಾ ಅನ್ನುವ ಗಿಡದ ಬೇರಿನ ಕಟ್ಟು ಸಿಗುತ್ತದೆ. ಅದನ್ನು ಕೊಂಡೊಯ್ದು ಊರಿನ ಯಜಮಾನರ ಮುಂದೆ ಇಟ್ಟು, ಊರೊಳಗೆ ಬರುವುದಕ್ಕೆ ಅಪ್ಪಣೆ ಕೇಳಬೇಕು. ಇದಕ್ಕೆ ಸೆವುಸೆವು ಅನ್ನುತ್ತಾರೆ. ಟೋಪಿ, ಕಪ್ಪು ಕನ್ನಡಕ ತೆಗೆಯಬೇಕು, ಭುಜ ಮೊಣಕಾಲು ಮುಚ್ಚಿರಬೇಕು, ಚಪ್ಪಲಿ ಹೊರಗೆ ಬಿಡಬೇಕು, ಯಾರ ತಲೆಯನ್ನೂ ಮುಟ್ಟಬಾರದು. ಭಾನುವಾರ ಅವರಿಗೆ ಚರ್ಚಿನ ದಿನ, ವಿಶ್ರಾಂತಿಯ ದಿನ, ಅವತ್ತು ಹೋಗಿ ತೊಂದರೆ ಕೊಡಬಾರದು. ಸೀರೆ ಉಟ್ಟು ಸೆರಗು ಹೊದ್ದು ಕೂತ ನಮ್ಮ ಮನೆಯವರನ್ನು ಕಂಡು ಆ ಯಜಮಾನರಿಗೆ ಬಹಳ ಸಂತೋಷವಾಯಿತು. ಬೇರನ್ನು ಕುಟ್ಟಿ ನೀರಿನಲ್ಲಿ ಕಲಸಿ ತೆಂಗಿನ ಚಿಪ್ಪಿನಲ್ಲಿ ಕೊಟ್ಟರು. ರುಚಿ ಕೆಸರು ನೀರಿನಂತೆ, ನಾಲಿಗೆ ಸ್ವಲ್ಪ ಜೋಮು ಹಿಡಿಯುತ್ತದೆ. ಕುಡಿದು ಚಪ್ಪಾಳೆ ತಟ್ಟಬೇಕು. ತಟ್ಟಿದೆವು.

ಊಟಕ್ಕೆ ಮರಗೆಣಸು, ಕೆಸುವಿನ ಗೆಡ್ಡೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪು. ಪತ್ರೊಡೆ ತಿಂದವರಿಗೆ ಹೊಸದೇನಲ್ಲ. ರಾತ್ರಿ ಆಕಾಶ ನೋಡಿದೆ, ಧ್ರುವ ನಕ್ಷತ್ರ ಇಲ್ಲ. ಮೇಷ್ಟ್ರು ಮೊದಲೇ ಹೇಳಿದ್ದರು, ಆದರೂ ಹುಡುಕಿದೆ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬಂದೆ. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಆ ಮನೆಯ ಯಜಮಾನಿ ಒಂದು ಬಕೆಟ್ ನೀರು ಇಟ್ಟಿದ್ದರು. ಒಂದೇ ಬಕೆಟ್, ಇಬ್ಬರಿಗೆ. ಮನೆಯ ಪಕ್ಕದಲ್ಲೇ ದೊಡ್ಡ ಪ್ಲಾಸ್ಟಿಕ್ ಟ್ಯಾಂಕು ಇತ್ತು. ತಗಡಿನ ಮಾಡಿನಿಂದ ದೋಣಿ ಕಟ್ಟಿ ಮಳೆನೀರು ಬೀಳುವ ಹಾಗೆ ಮಾಡಿದ್ದರು. ಇಣುಕಿ ನೋಡಿದರೆ ಟ್ಯಾಂಕು ಮುಕ್ಕಾಲು ತುಂಬಿದೆ. ನನಗೆ ಸ್ವಲ್ಪ ಬೇಸರವಾಯಿತು. ದುಡ್ಡು ಕೊಟ್ಟಿದ್ದೇವೆ, ನೀರೂ ಇದೆ, ಯಾಕೆ ಹೀಗೆ ಅಂತ. ನಮ್ಮ ಮನೆಯವರಿಗೆ ಭಾಷೆ ಬರದಿದ್ದರೂ ವಿಷಯ ನನಗಿಂತ ಮೊದಲೇ ತಿಳಿದಿತ್ತು. ‘ಇದು ನಮ್ಮೂರ ಏಪ್ರಿಲ್ ರೀ’ ಅಂದರು.

ಆ ಹೆಂಗಸು ಟ್ಯಾಂಕಿನ ಮೇಲೆ ಬೆರಳಿಟ್ಟು ತೋರಿಸಿದರು. ಈಗ ಇಲ್ಲಿಯವರೆಗೆ ಇದೆ. ಆಗಸ್ಟಿಗೆ ಇಲ್ಲಿಗೆ ಇಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ಗೆ ತಳ. ಮಳೆ ತಡವಾದರೆ ಸರ್ಕಾರ ದೊಡ್ಡ ದ್ವೀಪದಿಂದ ಹಡಗಿನಲ್ಲಿ ನೀರು ತರಿಸುತ್ತದೆ, ಅದಕ್ಕೆ ಕಾಯಬೇಕು. ಆದ್ದರಿಂದ ಕಡಿಮೆಯಾದ ಮೇಲೆ ಉಳಿಸುವುದಲ್ಲ, ತುಂಬಿರುವಾಗಲೇ ಉಳಿಸುವುದು. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯುವುದಕ್ಕೆ ಮಾತ್ರ ಆ ಟ್ಯಾಂಕಿನದೇ.

ನಾನು ಎಂಟು ತಿಂಗಳು ಕೂತು ಲೆಕ್ಕ ಹಾಕಿ ಆರಿಸಿಕೊಂಡಿದ್ದ ‘ಒಳ್ಳೆಯ ಕಾಲ’ ಅವರ ಪಾಲಿಗೆ ಏನು ಅಂತ ನನಗೆ ಆಗ ಅರ್ಥವಾಯಿತು. ಪ್ರವಾಸದ ಜಾಹೀರಾತಿನಲ್ಲಿ ಮೋಡವಿಲ್ಲದ ಆಕಾಶ ಅಂದರೆ ಸಂಭ್ರಮ. ಮೋಡವಿಲ್ಲದ ಆಕಾಶ ಅಂದರೆ ಏನು ಅಂತ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಟ್ಟಿನಿಂದ ಅದನ್ನು ಕಂಡ ನಾನು, ಪ್ರವಾಸಿ ಅನ್ನುವ ಟೋಪಿ ಹಾಕಿಕೊಂಡ ಕೂಡಲೇ ಮರೆತುಬಿಟ್ಟಿದ್ದೆ. ಮರುದಿನದಿಂದ ನಾವು ಸಮುದ್ರದಲ್ಲಿ ಮಿಂದು ಎರಡು ಚೊಂಬು ಸಿಹಿನೀರು ಸುರಿದುಕೊಂಡೆವು.

ಇನ್ನೊಂದು ಸಂಗತಿ ಹೇಳಬೇಕು. ಪೆಸಿಫಿಕ್ ಸಾಗರದ ನಡುಭಾಗ, ಪೂರ್ವಭಾಗದ ನೀರು ಕೆಲವು ವರ್ಷ ಎಂದಿಗಿಂತ ಹೆಚ್ಚು ಬಿಸಿಯಾಗುತ್ತದೆ, ವಾಣಿಜ್ಯ ಮಾರುತ ದುರ್ಬಲವಾಗುತ್ತದೆ. ಪೇಪರಿನಲ್ಲಿ ಎಲ್ ನಿನೊ ಅಂತ ಓದುತ್ತೀರಿ. ಆಗ ಮೋಡ ಕಟ್ಟುವ ಜಾಗವೇ ಸರಿದುಹೋಗಿ ಫಿಜಿಗೆ ಬರ ಬರುತ್ತದೆ. 1997–98ರ ಎಲ್ ನಿನೊದಲ್ಲಿ ಅಲ್ಲಿಯ ಕಬ್ಬಿನ ಬೆಳೆ ಒಣಗಿಹೋಯಿತು. ಅದೇ ಎಲ್ ನಿನೊ ಎಷ್ಟೋ ವರ್ಷ ನಮ್ಮ ಮುಂಗಾರನ್ನೂ ಕೆಡಿಸಿದೆ. 2002, 2009, 2015, 2023 ನೆನಪಿಸಿಕೊಳ್ಳಿ, ನಮ್ಮ ಶೇಂಗಾ ಏನಾಯಿತು ಅಂತ. ಆ ಯಜಮಾನಿಯ ಟ್ಯಾಂಕಿಗೂ ನಮ್ಮೂರ ಕೆರೆಗೂ ಒಂದೇ ಸಮುದ್ರದ ಸಂಬಂಧ ಇದೆ. ಹೊರಡುವ ಮುಂಚೆ ಈ ವರ್ಷ ಎಲ್ ನಿನೊ ಇದೆಯೇ ನೋಡಿಕೊಳ್ಳಿ. ಇದ್ದರೆ ನಿಮಗೆ ಬಿಸಿಲು ಹೆಚ್ಚು ಸಿಗಬಹುದು, ಅವರಿಗೆ ನೀರು ಇನ್ನೂ ಕಡಿಮೆ. ಅಂಥ ವರ್ಷ ಸಣ್ಣ ದ್ವೀಪಕ್ಕೆ ಹೋಗುವುದಾದರೆ ಮೇ, ಜೂನ್‌ನಲ್ಲೇ ಹೋಗಿ ಬನ್ನಿ. ಅಕ್ಟೋಬರ್‌ನಲ್ಲಿ ಅವರ ಕೊನೆಯ ಬಕೆಟ್ಟಿಗೆ ಪಾಲುದಾರರಾಗಬೇಡಿ.

ಕೊಡುವ ನೀರಿನ ಕಥೆ ಹೀಗಾದರೆ, ಏರುವ ನೀರಿನ ಕಥೆ ಬೇರೆ. ವನುವಾ ಲೆವು ಅನ್ನುವ ಎರಡನೆಯ ದೊಡ್ಡ ದ್ವೀಪದಲ್ಲಿ ವುನಿದೊಂಗೊಲೊವಾ ಅನ್ನುವ ಹಳ್ಳಿಯೊಳಗೆ ಸಮುದ್ರ ನುಗ್ಗತೊಡಗಿ, 2014ರಲ್ಲಿ ಇಡೀ ಹಳ್ಳಿಯನ್ನು ಒಳನಾಡಿನ ಎತ್ತರದ ಜಾಗಕ್ಕೆ ಎಬ್ಬಿಸಿದರು. ಅಣೆಕಟ್ಟೆಗೆ ಮುಳುಗಡೆಯಾದ ಊರಿನವರು ನಮ್ಮಲ್ಲೂ ಇದ್ದಾರೆ, ಅವರಿಗೆ ಈ ನೋವು ಗೊತ್ತು.

ಆದ್ದರಿಂದ ಪ್ರವಾಸದ ಯೋಜನೆ ಅಂದರೆ ನನಗೆ ಈಗ ಅನ್ನಿಸುವುದು ಇಷ್ಟೆ. ಟಿಕೆಟ್ಟು, ರೂಮು, ರೇಟು ಎಲ್ಲ ಬೇಕು. ಆದರೆ ಅದಕ್ಕಿಂತ ಮೊದಲು ಎರಡು ಪ್ರಶ್ನೆ: ನಾವು ಹೋಗುವ ಕಾಲ ಅಲ್ಲಿಯವರಿಗೆ ಯಾವ ಕಾಲ? ನಾವು ಹೋಗುವುದರಿಂದ ಅವರ ಮನೆಯಲ್ಲಿ ಏನು ಕಡಿಮೆಯಾಗುತ್ತದೆ? ನಮ್ಮ ಹಿರಿಯರು ನೆಂಟರ ಮನೆಗೆ ಹೊರಡುವಾಗ ‘ಈಗ ಅವರಿಗೆ ಕೊಯ್ಲು, ಆಮೇಲೆ ಹೋಗೋಣ’ ಅನ್ನುತ್ತಿದ್ದರು. ಅಷ್ಟೇ ಬುದ್ಧಿ ಸಾಕು.

ವಾಪಸು ಬಂದ ಮೇಲೆ ಮೇಷ್ಟ್ರ ಮನೆಗೆ ಹೋದೆ. ಫೋಟೋ ತೋರಿಸಿದೆ. ಅವರು ಸಮುದ್ರದ ಫೋಟೋ ಬೇಗ ಬೇಗ ತಳ್ಳಿ, ಆ ಟ್ಯಾಂಕಿನ ಫೋಟೋ ಬಂದಾಗ ನಿಲ್ಲಿಸಿ ಕೇಳಿದರು: ‘ನಮ್ಮ ಶಾಲೆ ಮಾಡಿನ ನೀರು ಎಲ್ಲಿಗೆ ಹೋಗುತ್ತಯ್ಯಾ?’

ಎಲ್ಲಿಗೆ ಹೋಗುತ್ತದೆ ಅಂತ ನಿಮಗೆಲ್ಲ ಗೊತ್ತು. ಅಂಗಳ ದಾಟಿ, ರಸ್ತೆ ದಾಟಿ, ಚರಂಡಿಗೆ. ಮಾರ್ಚ್ ಬಂದರೆ ಇದೇ ಶಾಲೆಯ ಮಕ್ಕಳು ಬಾಟಲಿಯಲ್ಲಿ ಮನೆಯಿಂದ ನೀರು ತರುತ್ತಾರೆ, ಬಿಸಿಯೂಟದ ಅಕ್ಕಂದಿರು ಟ್ಯಾಂಕರ್ ದಾರಿ ಕಾಯುತ್ತಾರೆ. ನಮ್ಮಲ್ಲಿ ಮಳೆ ಕಡಿಮೆ, ನಿಜ. ಆದರೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬರುವ ಆ ನಾಲ್ಕು ದೊಡ್ಡ ಮಳೆಯ ನೀರನ್ನು ಹಿಡಿದಿಟ್ಟರೆ ಕುಡಿಯುವುದಕ್ಕೆ, ಅಡುಗೆಗೆ ಎಷ್ಟೋ ದಿನ ಆದೀತು. ಹಳೆಯ ವಿದ್ಯಾರ್ಥಿಗಳ ಸಂಘದವರ ಹತ್ತಿರ ಮಾತಾಡಿದ್ದೇನೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಬೇಡ, ಮಾಡಿಗೆ ದೋಣಿ, ಪೈಪು, ಶೋಧಕ, ಒಂದು ತೊಟ್ಟಿ ಆಗಲಿ. ನನ್ನ ಪಾಲು ಇವತ್ತೇ ಖಜಾಂಚಿಯವರಿಗೆ ಕೊಡುತ್ತೇನೆ. ಎರಡನೆಯ ಪಾಲು ಯಾರದು ಅಂತ ಊಟಕ್ಕೆ ಏಳುವ ಮುಂಚೆ ಗೊತ್ತಾದರೆ ಸಂತೋಷ.

ಇನ್ನೊಂದು ಪೊಟ್ಟಣವನ್ನೂ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇನೆ. ಅದರಲ್ಲಿ ಹೊಸ ಪ್ರಪಂಚದ ನಕ್ಷೆ ಇದೆ. ಅದರ ಬಲಗಡೆಯ ಅಂಚಿಗೆ ನಮ್ಮ ಮನೆಯವರು ಬಟ್ಟೆಯ ಪಟ್ಟಿ ಇಟ್ಟು ಹೊಲಿದಿದ್ದಾರೆ, ಹರಿಯಬಾರದು ಅಂತ. ಮಕ್ಕಳೇ, ಬಿಚ್ಚುವಾಗ ನಿಧಾನವಾಗಿ ಬಿಚ್ಚಿ. ಆ ಅಂಚಿನಲ್ಲೂ ಜನ ಇದ್ದಾರೆ.